ಅರ್ಥಗಾರಿಕೆಯಲ್ಲಿ ವಾದವೂ ಮೌನವೂ: ತಾಳಮದ್ದಳೆಯ ಸಹಕರ್ತೃತ್ವವನ್ನು ಕುರಿತು ಒಂದು ವಿಚಾರ

ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ತೆಂಕನಾಡಿನ ಮಳೆಗಾಲದ ರಾತ್ರಿಗಳಲ್ಲಿ ವಿಶೇಷವಾಗಿ ನಡೆದುಬಂದಿರುವ ತಾಳಮದ್ದಳೆಯು, ವೇಷನೃತ್ಯಗಳನ್ನು ತೊರೆದು ಹಾಡು ಮಾತುಗಳನ್ನೇ ನೆಚ್ಚಿದ ಯಕ್ಷಗಾನಪ್ರಕಾರವೆಂಬುದು ಸರ್ವವಿದಿತ. ಬಳ್ಳಾರಿ ಸೀಮೆಯ ಕುರುಗೋಡು ಸೋಮಸಮುದ್ರದ ಕ್ರಿ.ಶ. 1556ರ ಶಾಸನವು ತಾಳಮದ್ದಳೆಯವರಿಗೆ ಭೂಮಿಯನ್ನು ಬಿಟ್ಟುದನ್ನು ಹೇಳುತ್ತದೆ. ಯಕ್ಷಗಾನಕವಿ ಪಾರ್ತಿಸುಬ್ಬನ ಕರ್ತೃತ್ವವನ್ನು ಕುರಿತು ಮುಳಿಯ ತಿಮ್ಮಪ್ಪಯ್ಯನವರೂ ಶಿವರಾಮ ಕಾರಂತರೂ ತಳೆದ ಭಿನ್ನ ನಿಲುವುಗಳೂ ವಿದ್ವಾಂಸರಿಗೆ ಪರಿಚಿತವೇ. ಅವನ್ನು ಇಲ್ಲಿ ಮತ್ತೆ ಕೆದಕಬೇಕಾಗಿಲ್ಲ.

ವಿಚಾರಣೀಯವಾದುದು ಬೇರೊಂದು. ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತು ಹೇಳುವ ಅರ್ಥಗಾರಿಕೆಯು ಇಬ್ಬರು ಪಂಡಿತರ ವಾಗ್ಯುದ್ಧ, ಆಶುಪ್ರತಿಭೆಯಿಂದ ಎದುರಾಳಿಯನ್ನು ನಿರುತ್ತರಗೊಳಿಸಿದವನೇ ಗೆದ್ದವನು, ಎಂಬ ಅಭಿಪ್ರಾಯ ರಸಿಕರಲ್ಲಿಯೂ ವಿಮರ್ಶಕರಲ್ಲಿಯೂ ಬೇರೂರಿದೆ. ನನಗೆ ಇದು ಸಮ್ಮತವಲ್ಲ.

'ಕೃಷ್ಣಸಂಧಾನ' ಪ್ರಸಂಗವನ್ನೇ ನೋಡಬಹುದು. ಅರಮನೆಯನ್ನು ಬಿಟ್ಟು ವಿದುರನ ಮನೆಗೆ ಹೋದುದೇಕೆಂದು ಕೌರವನು ಕೃಷ್ಣನನ್ನು ಕೇಳುವ ಸಂದರ್ಭದಲ್ಲಿ, ಆ ಪ್ರಶ್ನೆಯು ಬರಿಯ ಕೊಂಕಾಗಿ ಉಳಿದರೆ ಕೃಷ್ಣನ ಉತ್ತರವೂ ಬಡವಾಗುವುದು. ಅದೇ ಪ್ರಶ್ನೆಯು ಆತಿಥ್ಯಧರ್ಮದ ಉಲ್ಲಂಘನೆಯನ್ನು ಎತ್ತಿ ತೋರುವ, ಅವಮಾನಿತನಾದ ಅರಸನೊಬ್ಬನ ನ್ಯಾಯವಾದ ಆಕ್ಷೇಪವಾಗಿ ಬಂದರೆ, ಭಕ್ತಿಗೂ ರಾಜನೀತಿಗೂ ಇರುವ ಸಂಬಂಧವನ್ನೇ ಕೃಷ್ಣನು ಬಿಡಿಸಿ ಹೇಳಬೇಕಾಗುವುದು. ಎಂದರೆ ಕೃಷ್ಣನ ಅರ್ಥದ ಎತ್ತರವನ್ನು ಅರ್ಧಮಟ್ಟಿಗೆ ಕಟ್ಟುವವನು ಕೌರವನ ಅರ್ಥಧಾರಿಯೇ. ಅದಲ್ಲದೆ, ಯಾರ ತರ್ಕ ಎಷ್ಟೇ ಪ್ರಬಲವಾದರೂ ಸಂಧಾನವು ಮುರಿಯಲೇಬೇಕು; ಐದು ಗ್ರಾಮಗಳೂ ದೊರೆಯಲಾರವು. ಫಲವು ಕಥೆಯಿಂದಲೇ ನಿಯತವಾಗಿರುವಲ್ಲಿ ಜಯವೆಂಬುದು ವಾದದ ಗುರಿಯಾಗಲಾರದು. ಇಬ್ಬರೂ ಕೂಡಿ ಕಥೆಯ ಅಂತರಂಗವನ್ನು ಶೋಧಿಸುವುದೇ ಗುರಿಯಾಗಿರಬೇಕು.

ಈ ಶೋಧನೆಗೆ ಮೌನವೂ ಸಾಧನವೆಂಬುದು ನನ್ನ ಎರಡನೆಯ ವಾದ. ಹಾಡುಗಾರರಾದ ಭಾಗವತರು ಪದ್ಯವನ್ನು ಎತ್ತಿದೊಡನೆ ಅರ್ಥಧಾರಿಯು ಸುಮ್ಮನಾಗುವನು. ಜಾಗಟೆಯ ಪೆಟ್ಟಿನ ನಡುವೆ, ಮದ್ದಳೆಯ ನುಡಿತದ ನಡುವೆ, ಕಣ್ಣನ್ನು ಅರೆಮುಚ್ಚಿ ಕುಳಿತ ಆ ಕೆಲವು ನಿಮಿಷಗಳಲ್ಲಿಯೇ ಎದುರಾಳಿಯ ಮಾತು ಅವನೊಳಗೆ ಇಳಿದು, ಮನೆಯಲ್ಲಿ ಏಕಾಂತದಲ್ಲಿ ವರ್ಷಗಟ್ಟಲೆ ಮನನ ಮಾಡಿದ ಪುರಾಣದೊಡನೆ ಬೆರೆತು, ಹೊಸ ಅರ್ಥವಾಗಿ ಹೊರಡುವುದು. ಅರ್ಥವನ್ನು ಮುಗಿಸುವಾಗಲೂ ಮುಂದಿನ ಪದ್ಯಕ್ಕೆ ಸರಿಯಾದ ಎತ್ತುಗಡೆಯನ್ನು ಕೊಟ್ಟು, ಮಾತನ್ನು ಭಾಗವತರ ಕೈಗೆ ಒಪ್ಪಿಸಬೇಕು. ಆಶುವೆಂದು ನಾವು ಮೆಚ್ಚುವುದು ಹೀಗೆ ಕೇಳ್ಮೆಯ ಫಲ.

ಆದರೂ ಈ ಮಾತನ್ನು ಮಿತಿಯರಿತು ಹೇಳಬೇಕು. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರೂ ಸಾಮಗರೂ ಎದುರುಬದಿರಾದಾಗ ಸಭೆಯು ಘರ್ಷಣೆಯನ್ನೇ ಬಯಸಿ ಬರುತ್ತಿತ್ತೆಂಬುದನ್ನು ಅಲ್ಲಗಳೆಯಲಾಗದು. ಸ್ಪರ್ಧೆಯು ಮೇರೆ ಮೀರಿ ಪ್ರಸಂಗವೇ ಹಿಂದುಳಿದ ರಾತ್ರಿಗಳೂ ಇಲ್ಲದಿಲ್ಲ. ಸ್ಪರ್ಧೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಉತ್ತಮ ಅರ್ಥಗಾರಿಕೆಯಲ್ಲಿ ಅದು ಸಹಕಾರಕ್ಕೆ ಅಧೀನವಾಗಿ ತೋರುವುದೆಂದಷ್ಟೇ ನನ್ನ ಅಭಿಪ್ರಾಯ.

ಇನ್ನು, 1556ರ ಶಾಸನವು ಹೇಳುವ ತಾಳಮದ್ದಳೆಯವರು ಪದ್ಯಕ್ಕೆ ಅರ್ಥ ಹೇಳುತ್ತಿದ್ದರೋ, ಇಲ್ಲವೆ ಹಾಡಿನ ಸೇವೆಯನ್ನಷ್ಟೇ ಸಲ್ಲಿಸುತ್ತಿದ್ದರೋ ಎಂಬುದನ್ನು 'ತಾಳಮದ್ದಳೆ' ಎಂಬ ಆ ಒಂದು ಪದದಿಂದ ನಿರ್ಣಯಿಸಲಾಗದು. ಪ್ರಸಂಗದ ಪದ್ಯಗಳು ಓಲೆಯಲ್ಲಿ ಉಳಿದುವು. ಅವುಗಳ ನಡುವಣ ಮಾತು ಬೆಳಗಾಗುವಷ್ಟರಲ್ಲಿ ಕೇಳಿದವರ ನೆನಪಿಗೆ ಸಂದುಹೋಯಿತು. ಆದುದರಿಂದ ಈ ಸಹಕರ್ತೃತ್ವವು ಎಷ್ಟು ಪ್ರಾಚೀನವೆಂಬ ಪ್ರಶ್ನೆಯನ್ನು ಇಲ್ಲಿ ತೆರೆದೇ ಬಿಟ್ಟಿದ್ದೇನೆ.