ಉತಾರದಲ್ಲಿ ಯಾರ ಹೆಸರು?

ಹೊಡೆತ ತಿಂದೂ ಗಂಡನ ಮನೆಯಲ್ಲೇ ಉಳಿದ ಹೆಣ್ಣನ್ನು ತಾಳ್ಮೆಗಾತಿ ಎಂದು ಹೊಗಳುವವರಿದ್ದಾರೆ, ಅಂಜುಬುರುಕಿ ಎಂದು ಹಳಿಯುವವರೂ ಇದ್ದಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಚರಿತ್ರೆ ಬೇರೆಯೇ ಕಾರಣ ಹೇಳುತ್ತದೆ: ಹೊರಟರೆ ಸೇರಲು ಅವಳಿಗೆ ತನ್ನದೆಂಬ ಮನೆ ಇರಲಿಲ್ಲ. ಈ ಭಾಗದ ಅನೇಕ ಸಮುದಾಯಗಳಲ್ಲಿ ಸೋಡಚೀಟಿ ಬರೆಸಿಕೊಂಡು ಬಿಡುಗಡೆ ಪಡೆಯುವ, ಉಡಿಕೆಯಾಗಿ ಮತ್ತೆ ಸಂಸಾರ ಹೂಡುವ ರೂಢಿ ಹಿಂದಿನಿಂದ ಇತ್ತು. ಚೀಟಿಯಿಂದ ನಂಟು ಹರಿಯುತ್ತಿತ್ತು, ಸೂರು ಸಿಗುತ್ತಿರಲಿಲ್ಲ. ಅಣ್ಣನ ಮನೆಯ ಪಡಸಾಲೆ, ತಪ್ಪಿದರೆ ಇನ್ನೊಬ್ಬ ಗಂಡನ ಮನೆ.

ಕಾನೂನೂ ಬಹುಕಾಲ ಇದೇ ಜಾಡಿನಲ್ಲಿ ನಡೆಯಿತು. ತುಂಗಭದ್ರೆಯ ಆಚೆ ದಡದ ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿನ 1933ರ ಕಾಯ್ದೆ ಆಸ್ತಿ ಪಾಲಾಗುವಾಗ ತಾಯಿಗೂ ಮದುವೆಯಾಗದ ಮಗಳಿಗೂ ಭಾಗ ಕೊಟ್ಟಿತು. ಈಚೆ ದಡದ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರಿಂದ ಆ ಕಾಯ್ದೆ ಹೊಳೆ ದಾಟಲಿಲ್ಲ. 1946ರ ಕಾಯ್ದೆಯೊಂದು ಕ್ರೌರ್ಯಕ್ಕೆ ಗುರಿಯಾದ ಹಿಂದೂ ಹೆಂಡತಿ ಬೇರೆ ಇದ್ದು ಜೀವನಾಂಶ ಕೇಳಬಹುದೆಂದಿತು. ಎಲ್ಲಿ ಇರಬೇಕೆಂದು ಹೇಳಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನಂತೆ, ಗಂಡನಿಂದ ದೂರವಾದ ಮಗಳು ತವರಿನಲ್ಲಿ ವಾಸಿಸಬಹುದಿತ್ತು. ಗಂಡು ವಾರಸುದಾರರು ಭಾಗ ಮಾಡಿಕೊಳ್ಳುವತನಕ ಪಾಲು ಕೇಳುವಂತಿರಲಿಲ್ಲ. ಆ ಕಲಮು ರದ್ದಾದದ್ದು 2005ರಲ್ಲಿ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಒಡೆತನ ಯಾರದೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಉಳಿಯುವ ಹಕ್ಕು ಕೊಟ್ಟಿತು. ಆ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು, ಅತ್ತೆಯ ಒಡೆತನದ ಮನೆಯ ಮೇಲೆ ಸೊಸೆಗೆ ಈ ಹಕ್ಕಿಲ್ಲ ಎಂದಿತು. ಆ ತೀರ್ಪು ಸರಿಯಲ್ಲವೆಂದು ಅದೇ ಕೋರ್ಟು ಹೇಳಲು 2020 ಬರಬೇಕಾಯಿತು.

ತವರುಮನೆ ಇದೆ, ದೌರ್ಜನ್ಯಕ್ಕೊಳಗಾದ ಹೆಣ್ಣಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರಗಳಿವೆ, ಇನ್ನೇನು ಬೇಕು ಎನ್ನುವವರುಂಟು. ತವರಿನ ಬಾಗಿಲು ಸಾಮಾನ್ಯವಾಗಿ ತಂದೆತಾಯಿ ಇರುವತನಕ ತೆರೆದಿರುತ್ತದೆ. ಸಖಿ ಕೇಂದ್ರದಲ್ಲಿ ತಂಗಲು ಸಿಗುವುದು ಸುಮಾರು ಐದು ದಿನ. ಹೆಣ್ಣು ದುಡಿದರೆ ಸಾಕು ಎನ್ನುವವರು ಬ್ಯಾಡಗಿ ಪೇಟೆಯನ್ನು ನೋಡಲಿ. ಘಾಟಿಗೆ ಮೂಗಿಗೆ ಸೆರಗು ಕಟ್ಟಿ, ಕೆಂಪು ರಾಶಿಯ ಮುಂದೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಹೆಣ್ಣುಮಕ್ಕಳೇ. ಅಂಗೈ ಉರಿಸಿಕೊಂಡು ಗಳಿಸಿದ ಕೂಲಿ ಹೊಟ್ಟೆಗಾಗುತ್ತದೆ. ಬಾಡಿಗೆ ಮನೆಯ ಮುಂಗಡಕ್ಕೆ ಸಾಲದು, ಒಂಟಿ ಹೆಣ್ಣಿಗೆ ಮನೆ ಕೊಡಲು ಹಿಂಜರಿಯುವ ಮಾಲೀಕನನ್ನೂ ಒಪ್ಪಿಸದು.

ಹೆಣ್ಣಿನ ಹೆಸರಿಗೆ ಮನೆಯಾದರೆ ಸಂಸಾರ ಒಡೆಯುತ್ತದೆ ಎಂಬುದು ಎಲ್ಲಕ್ಕಿಂತ ಹಳೆಯ ಆಕ್ಷೇಪ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ. ಮನೆ, ಜಮೀನು ಎರಡೂ ಇಲ್ಲದ ಹೆಂಗಸರಲ್ಲಿ ಶೇ. 49ರಷ್ಟು ಮಂದಿ ದೀರ್ಘಕಾಲ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ಇದ್ದವರಲ್ಲಿ ಶೇ. 7. ಹೋಗಲು ಜಾಗ ಇರುವವಳ ಮೇಲೆ ಕೈ ಎತ್ತುವ ಮುನ್ನ ಗಂಡ ಯೋಚಿಸುತ್ತಾನೆ. ಆದ್ದರಿಂದ ಆಶ್ರಯ ಕೇಂದ್ರ ಬೇಕು, ಕೋರ್ಟಿನ ಆದೇಶವೂ ಬೇಕು. ಆದರೆ ಬೇರು ಇಳಿಯಬೇಕಾದದ್ದು ಪಂಚಾಯಿತಿಯ ಉತಾರದಲ್ಲಿ, ಅಂದರೆ ಮನೆಯ ಒಡೆತನದ ದಾಖಲೆಯಲ್ಲಿ. ಸರ್ಕಾರಿ ವಸತಿ ಯೋಜನೆಯ ಮನೆ ಹೆಣ್ಣಿನ ಹೆಸರಿಗೇ ಎಂಬ ನಿಯಮ ರಾಜ್ಯದಲ್ಲಿ ಆಗಲೇ ಇದೆ. ತಂದೆಯ ಮನೆಯ ಉತಾರದಲ್ಲೂ ಮಗಳ ಹೆಸರು ಏರಿದರೆ, ಅವಳು ಅಣ್ಣನ ಪಡಸಾಲೆಯಲ್ಲಿ ಹಂಗಿನವಳಾಗಿ ಕೂರಬೇಕಿಲ್ಲ.