ಕಗಪ: ಲಿನಕ್ಸಿನೊಳಗಿನ ಕನ್ನಡಕ್ಕೊಂದು ಮುಂಬಯಿ ಚರಿತ್ರೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11, ಸುಮಾರು 2018ಕ್ಕಿಂತ ಹಿಂದಿನ ಬಹುಪಾಲು ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಪರದೆಯೂ ಕೀಲಿಗಳೂ ಇನ್ನೂ ಸುಸ್ಥಿತಿಯಲ್ಲಿರುವ ಲಕ್ಷಾಂತರ ಲ್ಯಾಪ್‌ಟಾಪುಗಳು ಹೀಗೆ ಒಂದೇ ದಿನದಲ್ಲಿ ‘ಹಳತು’ಗಳ ಸಾಲಿಗೆ ಸೇರಿದವು. ಸಂಬಳದ ಲೆಕ್ಕಾಚಾರದಲ್ಲೇ ತಿಂಗಳು ಕಳೆಯುವ ಕುಟುಂಬಗಳು ಹೆಚ್ಚಾಗಿರುವ ಕಾಮೋಠೆಯಂಥ ಬಡಾವಣೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಹೊಸ ಯಂತ್ರ ಕೊಳ್ಳಬೇಕು, ಇಲ್ಲವೇ ಇದ್ದ ಯಂತ್ರಕ್ಕೆ ಲಿನಕ್ಸ್ ಹಾಕಿಕೊಳ್ಳಬೇಕು. ಎರಡನೆಯ ದಾರಿಯನ್ನು ಹಿಡಿದವರಲ್ಲಿ ನಾನೂ ಒಬ್ಬ.

ಈ ದಾರಿಯನ್ನು ಯೋಚಿಸುವ ಕನ್ನಡದ ಬರಹಗಾರರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಅದರಲ್ಲಿ ಕನ್ನಡ ಬರುತ್ತದೆಯೇ? ಬರುತ್ತದೆ ಎಂಬುದು ಚಿಕ್ಕ ಉತ್ತರ. ಹೇಗೆ ಬಂತು ಎಂಬುದಕ್ಕೆ ಸುಮಾರು ನಲವತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಗಣನೀಯ ಭಾಗ ನಡೆದದ್ದು ಬೆಂಗಳೂರಿನಲ್ಲಲ್ಲ, ನಾವಿರುವ ಈ ಮುಂಬಯಿ ಸೀಮೆಯಲ್ಲಿ. ಅದನ್ನು ನೆನೆಯುವುದು ಈ ಲೇಖನದ ಉದ್ದೇಶ.

ಮೊದಲು ಲಿನಕ್ಸಿನ ಹುಟ್ಟನ್ನು ಸಂಕ್ಷೇಪವಾಗಿ ನೋಡಬಹುದು. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಅರಿಯುವ, ತಿದ್ದುವ ಹಾಗೂ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಒಂದು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು, ಅಂದರೆ ಕರ್ನೆಲನ್ನು, ಬರೆದು ಲೋಕದ ಮುಂದಿಟ್ಟರು. ಇವೆರಡರ ಕೂಟದಿಂದ ಡೆಬಿಯನ್, ಉಬುಂಟು, ಮಿಂಟ್ ಮೊದಲಾದ ನಾನಾ ರೂಪಗಳು ಹುಟ್ಟಿದವು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲೇ. ಮಾನಸರೋವರ ನಿಲ್ದಾಣದಲ್ಲಿ ಬೆಳಗಿನ ಲೋಕಲ್ ಹತ್ತುವ ಬಹುತೇಕರು ತಮಗೆ ತಿಳಿಯದೆಯೇ ಲಿನಕ್ಸಿನ ಬಳಕೆದಾರರು.

ಕೀಲಿಮಣೆಯ ಪಟ್ಟಿಯಲ್ಲೊಂದು ಹೆಸರು

ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ನೆಲೆಗೊಳಿಸುವ ಕೆಲಸ ಈಗ ಹೊಸಬರಿಗೂ ಕಷ್ಟವಲ್ಲ. ಒಂದು ಪೆನ್‌ಡ್ರೈವಿಗೆ ಅದನ್ನು ಇಳಿಸಿಕೊಂಡರೆ, ಹಳೆಯದನ್ನು ಅಳಿಸದೆಯೇ ಹೊಸ ವ್ಯವಸ್ಥೆಯನ್ನು ಕೆಲಹೊತ್ತು ನಡೆಸಿ ನೋಡಬಹುದು. ವೈಫೈ, ಧ್ವನಿ, ಮುದ್ರಕ ಸರಿಯಿವೆಯೆಂದು ಖಚಿತವಾದ ಬಳಿಕ ಅಳವಡಿಸಿದರಾಯಿತು. ಆಮೇಲೆ ಬರುವುದು ಕೀಲಿಮಣೆಯ ಆಯ್ಕೆ. ಭಾರತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ಎರಡು ನಮೂದುಗಳು ಕಾಣಿಸುತ್ತವೆ. ಮೊದಲನೆಯದು ಬರಿಯ ‘ಕನ್ನಡ’. ಅದು 1986ರಲ್ಲಿ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಎಲ್ಲ ಭಾರತೀಯ ಲಿಪಿಗಳಿಗೂ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸ. ಎರಡನೆಯದು ‘ಕನ್ನಡ, ಕಗಪ’.

ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ನುಡಿ ತಂತ್ರಾಂಶವನ್ನು ರೂಪಿಸಿದ ಸಂಸ್ಥೆ ಅದು. ಅಷ್ಟಕ್ಕೇ ಈ ಹೆಸರು ನಿಲ್ಲುವುದಿಲ್ಲ. ಅದೇ ಪಟ್ಟಿಯಲ್ಲಿ ಮುಂದುವರಿದರೆ ‘ಮರಾಠಿ, ಕಗಪ’ ಸಿಗುತ್ತದೆ. ಹಿಂದಿ, ಸಂಸ್ಕೃತ, ತೆಲುಗುಗಳಿಗೂ ಕಗಪ ಇದೆ. ಲಿನಕ್ಸ್ ಬಳಸುವ ಪುಣೆಯ ಮರಾಠಿಗನೊಬ್ಬ ತನ್ನ ಭಾಷೆಯನ್ನು ಒತ್ತಲು ಕನ್ನಡದ ಸಂಸ್ಥೆಯೊಂದರ ಹೆಸರನ್ನು ಆರಿಸಿಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ನೆಲೆಸಿದ ನಮಗೆ ಇದು ಕುತೂಹಲ ಹುಟ್ಟಿಸಬೇಕಾದ ಸಂಗತಿ. ಇದರ ಬೇರನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಕೊಲಾಬಾಕ್ಕೆ.

ಕೊಲಾಬಾದಿಂದ ಹೊರಟ ಅಕ್ಷರಗಳು

ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್, ತಮ್ಮ ವೃತ್ತಿಜೀವನದ ಮುಖ್ಯ ವರ್ಷಗಳನ್ನು ಕಳೆದದ್ದು ಮುಂಬಯಿಯಲ್ಲಿ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅವರು ಗಣಕದ ಜಗತ್ತಿಗೆ ಹತ್ತಿರವಾದರು. ಅನಂತರ ಟಾಟಾ ಪ್ರೆಸ್, ಮೊನೊಟೈಪ್ ಸಂಸ್ಥೆಗಳ ಮೂಲಕ ಭಾರತೀಯ ಲಿಪಿಗಳ ಅಚ್ಚುಜೋಡಣೆಯ ಕೆಲಸದಲ್ಲಿ ತೊಡಗಿದರು. ಸೀಸದ ಮೊಳೆಗಳು ಹಿಂದೆ ಸರಿದು ಬೆಳಕಿನಿಂದ ಅಕ್ಷರ ಮೂಡಿಸುವ ಯಂತ್ರಗಳು ಮುದ್ರಣಾಲಯಗಳಿಗೆ ಬರುತ್ತಿದ್ದ ಕಾಲವದು. ನೂರಾರು ಒತ್ತಕ್ಷರ, ಗುಣಿತಾಕ್ಷರಗಳುಳ್ಳ ಕನ್ನಡವನ್ನು ಇಂಗ್ಲಿಷಿಗೆಂದೇ ಮಾಡಿದ ಕೀಲಿಮಣೆಯಿಂದ ಬರೆಯುವುದು ಹೇಗೆ ಎಂಬುದು ಅಂದಿನ ಬಗೆಹರಿಯದ ಪ್ರಶ್ನೆಯಾಗಿತ್ತು.

ಬೆರಳಚ್ಚು ಯಂತ್ರ ಅಕ್ಷರದ ಆಕಾರವನ್ನು ತುಂಡುತುಂಡಾಗಿ ಜೋಡಿಸುತ್ತಿತ್ತು. ತಲೆಕಟ್ಟಿಗೊಂದು ಕೀಲಿ, ಕೊಂಬಿಗೊಂದು ಕೀಲಿ, ಒತ್ತಿಗೊಂದು ಕೀಲಿ. ರಾಯರು ಆಕಾರವನ್ನು ಬದಿಗಿಟ್ಟು ಧ್ವನಿಯನ್ನು ಹಿಡಿದರು. ವರ್ಣಮಾಲೆಯ ಕ್ರಮವೇ ಅವರಿಗೆ ದಾರಿ ತೋರಿತು. ಅಲ್ಪಪ್ರಾಣಕ್ಕೆ ಒಂದು ಕೀಲಿ. ಅದೇ ಕೀಲಿಯನ್ನು ಶಿಫ್ಟ್ ಸಹಿತ ಒತ್ತಿದರೆ ಮಹಾಪ್ರಾಣ. ವ್ಯಂಜನದಲ್ಲಿ ‘ಅ’ಕಾರ ಸಹಜವಾಗಿಯೇ ಇರುವುದರಿಂದ ಅದಕ್ಕೆ ಬೇರೆ ಕೀಲಿ ಬೇಡ. ಅದನ್ನು ತೆಗೆದು ಒತ್ತಕ್ಷರ ಕೊಡಬೇಕಾದಾಗ ಮಾತ್ರ ಎಫ್ ಕೀಲಿ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತುಗಳು ಸಾಕು. ಆಕಾರ ಕೂಡಿಸುವ ಹೊಣೆ ಮನುಷ್ಯನ ಬೆರಳಿನಿಂದ ಯಂತ್ರದ ಒಳಕ್ಕೆ ಸರಿಯಿತು. ಒಂದನೆಯ ತರಗತಿಯ ಮಗುವಿಗೆ ವರ್ಣಮಾಲೆ ಕಲಿಸುವ ಕ್ರಮವೇ ಯಂತ್ರದ ಕ್ರಮವೂ ಆದ ಕಾರಣ, ಬ್ರಾಹ್ಮಿಯಿಂದ ಹುಟ್ಟಿದ ಬೇರೆ ಲಿಪಿಗಳಿಗೂ ಅದು ಹೊಂದಿಕೊಂಡಿತು. ‘ಮರಾಠಿ, ಕಗಪ’ ಸಾಧ್ಯವಾದದ್ದು ಈ ಕಾರಣದಿಂದ.

ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ರಾಯರು ರೂಪಿಸಿದ ‘ಸೇಡಿಯಾಪು’ ತಂತ್ರಾಂಶವನ್ನು ಅವರು ಮಾರಲಿಲ್ಲ. ಬೇಕಾದವರು ಬಳಸಲೆಂದು ಹಾಗೆಯೇ ಕೊಟ್ಟರು. ಮುಂದೆ ಕರ್ನಾಟಕ ಸರಕಾರ ಕನ್ನಡದ ಕೀಲಿಮಣೆಗೆ ಒಂದು ಶಿಷ್ಟತೆ ಬೇಕೆಂದು ಹೊರಟಾಗ, ಸ್ವಲ್ಪ ಮಾರ್ಪಾಟಿನೊಂದಿಗೆ ಸ್ವೀಕೃತವಾದದ್ದು ಈ ವಿನ್ಯಾಸವೇ. ನುಡಿಯ ಮೂಲಕ ಅದು ಮನೆಮನೆಗೂ ತಲುಪಿತು. ಅಲ್ಲಿಂದ ಲಿನಕ್ಸಿಗೆ ಹೋಗುವಾಗ ಪರಿಷತ್ತಿನ ಹೆಸರು ಅದಕ್ಕೆ ಅಂಟಿಕೊಂಡಿತು. ಪಟ್ಟಿಯಲ್ಲಿರುವ ಹೆಸರು ಪರಿಷತ್ತಿನದು, ಕಲ್ಪನೆ ರಾಯರದು. ಚರಿತ್ರೆ ಬರೆಯುವವರು ಎರಡನ್ನೂ ಹೇಳಬೇಕು.

ಒಂದು ನಿಲ್ದಾಣದಾಚೆ

ಒತ್ತಿದ ಕೀಲಿ ಪರದೆಯ ಮೇಲೆ ಸರಿಯಾದ ಅಕ್ಷರವಾಗಿ ಮೂಡಬೇಕಲ್ಲ? ಈ ಎರಡನೆಯ ಅಧ್ಯಾಯವೂ ಮುಂಬಯಿಯನ್ನು ಹಾದುಹೋಗುತ್ತದೆ. ಟಾಟಾ ಸಂಸ್ಥೆಯ ಗಣಕ ವಿಭಾಗವೊಂದರಿಂದ 1985ರಲ್ಲಿ ಸ್ವತಂತ್ರವಾಗಿ ಕವಲೊಡೆದದ್ದು ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಎನ್‌ಸಿಎಸ್‌ಟಿ. ಜುಹುವಿನಲ್ಲಿ ಬೆಳೆದ ಈ ಸಂಸ್ಥೆ ಆಮೇಲೆ ಸಿ-ಡ್ಯಾಕ್ ಸಂಸ್ಥೆಯಲ್ಲಿ ವಿಲೀನವಾಯಿತು. ಅದರ ಇನ್ನೊಂದು ಆವರಣ ಇರುವುದು ಖಾರ್ಘರದಲ್ಲಿ, ನಮ್ಮ ಮಾನಸರೋವರದಿಂದ ಒಂದೇ ನಿಲ್ದಾಣದ ದೂರದಲ್ಲಿ.

ಮರಾಠಿಯ ಕವಿ ಹಾಗೂ ಲಿಪಿಕಲಾವಿದ ಆರ್. ಕೆ. ಜೋಶಿ ಈ ಸಂಸ್ಥೆಯೊಂದಿಗೆ ಕೆಲಸ ಮಾಡಿದವರು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಕೋಟ್ಯಂತರ ಪರದೆಗಳಲ್ಲಿ ಕನ್ನಡವನ್ನು ತೋರಿಸಿದ ‘ತುಂಗಾ’ ಅಕ್ಷರವಿನ್ಯಾಸ ರೂಪುಗೊಂಡದ್ದು ಅವರ ನಿರ್ದೇಶನದಲ್ಲಿ. ಹೆಸರು ಮಲೆನಾಡಿನ ಹೊಳೆಯದು, ವಿನ್ಯಾಸ ಮರಾಠಿ ಕೈಗಳದು. ಅದೇ ಎನ್‌ಸಿಎಸ್‌ಟಿಯಲ್ಲಿ 2000ದ ಆಸುಪಾಸಿನ ವರ್ಷಗಳಲ್ಲಿ ‘ಇಂಡಿಕ್ಸ್’ ಎಂಬ ಯೋಜನೆ ನಡೆಯಿತು. ಲಿನಕ್ಸಿನ ಪರದೆಯನ್ನು ನಿಭಾಯಿಸುವ ವ್ಯವಸ್ಥೆಯೊಳಗೇ ಭಾರತೀಯ ಲಿಪಿಗಳನ್ನು ಬೆಸೆಯುವ ಪ್ರಯತ್ನವದು.

ಈ ಬೆಸುಗೆ ಏಕೆ ಕಷ್ಟವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ‘ಅರ್ಥ’ ಎಂಬ ಪದದಲ್ಲಿ ‘ರ’ಕಾರವನ್ನು ನಾವು ಮೊದಲು ಉಚ್ಚರಿಸುತ್ತೇವೆ, ಯಂತ್ರದ ನೆನಪಿನಲ್ಲೂ ಅದು ಮೊದಲೇ ಇರುತ್ತದೆ. ಆದರೆ ಬರೆಯುವಾಗ ಅದು ‘ಥ’ಕಾರದ ಬಲಕ್ಕೆ ಅರ್ಕಾವೊತ್ತಾಗಿ ಕೂರುತ್ತದೆ. ಇಂಥ ಹಿಂದುಮುಂದಿನ ಲೆಕ್ಕವನ್ನು ತಂತ್ರಾಂಶ ಕ್ಷಣಾರ್ಧದಲ್ಲಿ ಮಾಡಬೇಕು. ಇಂದು ಲಿನಕ್ಸಿನಲ್ಲಿ ಆ ಕೆಲಸ ಮಾಡುವುದು ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶ. ಅದರ ಹೆಸರು ಪಾರ್ಸಿ ಭಾಷೆಯದು, ‘ತೆರೆದ ಅಕ್ಷರ’ ಎಂದು ಅರ್ಥ. ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸಿನಲ್ಲೂ ಕನ್ನಡದ ಒತ್ತಕ್ಷರಗಳನ್ನು ಕೂಡಿಸುವುದು ಅದುವೇ. ಅಕ್ಷರವಿನ್ಯಾಸಗಳೂ ಬೆಳೆದವು. ರೆಡ್ ಹ್ಯಾಟ್ ಸಂಸ್ಥೆ ‘ಲೋಹಿತ್’ ಮಾಲಿಕೆಯಲ್ಲಿ ಕನ್ನಡವನ್ನೂ ಮುಕ್ತವಾಗಿ ನೀಡಿತು. ಸ್ವಯಂಪ್ರೇರಿತ ದುಡಿಮೆಯಿಂದ ‘ಗುಬ್ಬಿ’ಯೂ ಕೈಬರಹದ ಚೆಲುವಿನ ‘ನವಿಲು’ವೂ ಬಂದವು. ಡೆಬಿಯನ್, ಉಬುಂಟುಗಳಲ್ಲಿ ಇವನ್ನು ಕ್ಷಣದಲ್ಲಿ ಸೇರಿಸಿಕೊಳ್ಳಬಹುದು.

ಹಳಗನ್ನಡ ಓದುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಯುನಿಕೋಡಿನ ಸಂಕೇತಪಟ್ಟಿಯಲ್ಲಿ ನಮ್ಮ ‘ೞ’ಕಾರಕ್ಕೆ ಸ್ಥಾನವುಂಟು, ಆದರೆ ಅದರ ಅಧಿಕೃತ ಇಂಗ್ಲಿಷ್ ಹೆಸರು ‘ಫ’ ಎಂದಾಗಿಬಿಟ್ಟಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಆದ್ದರಿಂದ ತಪ್ಪು ಹೆಸರನ್ನು ಉಳಿಸಿಕೊಂಡೇ ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆ. ಪಂಪನ ಕಾಲದ ಅಕ್ಷರ ಹೀಗೆ ಪರರ ಹೆಸರು ಹೊತ್ತು ಗಣಕಯುಗವನ್ನು ದಾಟುತ್ತಿದೆ.

ಓದಲಾಗದ ಹಸ್ತಪ್ರತಿಗಳು

ಇನ್ನು ನಮ್ಮನ್ನು ನೇರವಾಗಿ ತಟ್ಟುವ ವಿಷಯ. ಹೊಸದಾಗಿ ಲಿನಕ್ಸಿಗೆ ಬಂದವರು ತಮ್ಮ ಹಳೆಯ ಕನ್ನಡ ಕಡತವೊಂದನ್ನು ತೆರೆದಾಗ ಹಲವೊಮ್ಮೆ ಕನ್ನಡ ಕಾಣಿಸುವುದಿಲ್ಲ. ‘ಕನ್ನಡ’ ಎಂಬ ಪದವೇ ಒಂದು ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಒಂದು ಜರ್ಮನ್ ಅಕ್ಷರ, ಇವುಗಳ ಸಂತೆಯಾಗಿ ತೋರುತ್ತದೆ. ಯಂತ್ರ ಕೆಟ್ಟಿತೆಂದು ಹೊಸಬರು ಗಾಬರಿಯಾಗುವುದು ಸಹಜ. ಆದರೆ ದೋಷ ಲಿನಕ್ಸಿನದಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ವಿಧಾನದಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷಿನ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿದ್ದುದು ಆ ತಂತ್ರಾಂಶದ ಫಾಂಟ್. ಫಾಂಟ್ ಇಲ್ಲದೆಡೆ ಮುಖವಾಡ ಕಳಚುತ್ತದೆ. 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ದೊರೆತಿದ್ದರೂ, ಮುದ್ರಣಾಲಯಗಳ ಪುಟವಿನ್ಯಾಸ ತಂತ್ರಾಂಶಗಳು ಬಹುಕಾಲ ಅದಕ್ಕೆ ಒಗ್ಗಲಿಲ್ಲ. ಹಾಗಾಗಿ ನಮ್ಮ ಬರವಣಿಗೆಯ ದೊಡ್ಡ ರಾಶಿ ಹಳೆಯ ವಿಧಾನದಲ್ಲೇ ಉಳಿದುಕೊಂಡಿತು.

ಮುಂಬಯಿ, ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಸಂಘಗಳನ್ನು ನೆನೆದುಕೊಳ್ಳಿ. ವಾರ್ಷಿಕ ಸ್ಮರಣ ಸಂಚಿಕೆಗಳು, ಸಂಘದ ಇತಿಹಾಸ, ಸದಸ್ಯರ ಕವಿತೆ, ಹರಟೆ, ನಾಟಕಗಳ ಪ್ರತಿ, ಸಂಶೋಧನ ಪ್ರಬಂಧಗಳು. ಇವು ಅಚ್ಚಿನಲ್ಲಿ ಬಂದದ್ದು ಕೆಲವೇ ನೂರು ಪ್ರತಿ. ಮೂಲ ಕಡತಗಳು ಯಾರದೋ ಮನೆಯ ಹಳೆಯ ಗಣಕದಲ್ಲಿ, ಹಳೆಯ ಫಾಂಟಿನ ಮುಖವಾಡದೊಳಗಿವೆ. ಕರ್ನಾಟಕದೊಳಗಿನ ಬರಹಕ್ಕೆ ಸರಕಾರವಿದೆ, ಅಕಾಡೆಮಿಗಳಿವೆ, ವಿಶ್ವವಿದ್ಯಾಲಯಗಳಿವೆ. ಹೊರನಾಡಿನ ಈ ಬರಹಕ್ಕೆ ನಾವಲ್ಲದೆ ಬೇರೆ ವಾರಸುದಾರರಿಲ್ಲ. ವಿಂಡೋಸ್ 10ರೊಂದಿಗೆ ಆ ಗಣಕಗಳೂ ಗುಜರಿಗೆ ಹೋದರೆ, ಗೆದ್ದಲು ಹಿಡಿದ ತಾಳೆಗರಿಯ ಗತಿಯೇ ಇವಕ್ಕೂ.

ಪರಿಹಾರವುಂಟು. ಹಳೆಯ ಸಂಕೇತಗಳನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಯಂತ್ರ ಬದಲಿಸುವ ಮೊದಲೇ ಕಡತಗಳನ್ನು ಪರಿವರ್ತಿಸಿ, ಮೂಲ ಪ್ರತಿಯನ್ನೂ ಅದರ ಫಾಂಟನ್ನೂ ಜೊತೆಗಿಟ್ಟುಕೊಳ್ಳಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ಅಲ್ಲಲ್ಲಿ ಜಾರುವುದರಿಂದ ಕನ್ನಡ ಬಲ್ಲವರೊಬ್ಬರು ಒಮ್ಮೆ ಓದಿ ತಿದ್ದಬೇಕು. ಅದು ಯಂತ್ರದ ಕೆಲಸವಲ್ಲ, ಸಾಹಿತ್ಯ ಬಳಗದ ಕೆಲಸ.

ಲಿನಕ್ಸಿನಲ್ಲಿ ಎಲ್ಲವೂ ಸುಗಮವೆಂದು ಹೇಳಲಾಗದು. ಮುದ್ರಣಾಲಯಗಳು ಬಳಸುವ ಪೇಜ್‌ಮೇಕರ್, ಇನ್‌ಡಿಸೈನ್‌ಗಳ ಲಿನಕ್ಸ್ ಆವೃತ್ತಿಗಳಿಲ್ಲ. ಲಿಬ್ರೆಆಫೀಸ್ ನಿತ್ಯದ ಬರವಣಿಗೆಗೆ ಧಾರಾಳವಾಗಿ ಸಾಕು. ಆದರೆ ಪದಕ್ಕೆ ಪ್ರತ್ಯಯಗಳು ಸರಮಾಲೆಯಾಗಿ ಸೇರುವ ಕನ್ನಡದಲ್ಲಿ ಯಂತ್ರದ ಕಾಗುಣಿತ ಪರೀಕ್ಷೆ ಇನ್ನೂ ಬಡವಾಗಿಯೇ ಇದೆ. ಈ ಕೊರತೆಗಳನ್ನು ತಿಳಿದೇ ಲಿನಕ್ಸಿಗೆ ಹೋಗುವುದು ಲೇಸು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಮಾರಾಟದ ತಂತ್ರಾಂಶದಲ್ಲಿ ಕನ್ನಡದ ಕೊರತೆ ಕಂಡರೆ ನಾವು ಕಂಪನಿಗೆ ಮನವಿ ಸಲ್ಲಿಸಿ ಕಾಯಬೇಕು. ಇಲ್ಲಿ ಪದಪಟ್ಟಿಗೆ ಪದ ಸೇರಿಸಲು, ಅನುವಾದ ತಿದ್ದಲು, ಅಕ್ಷರದ ಅಂದ ಸರಿಪಡಿಸಲು ಬಾಗಿಲು ತೆರೆದಿದೆ. ಗುಬ್ಬಿಯೂ ನವಿಲೂ ಒಳಬಂದದ್ದು ಈ ಬಾಗಿಲಿನಿಂದಲೇ.

ರಾಯರು ತಮ್ಮ ಕೀಲಿಮಣೆಗೆ ಬೆಲೆ ಕಟ್ಟಿದ್ದರೆ ಅದು ಒಂದು ಕಂಪನಿಯ ಸೊತ್ತಾಗಿ, ಆ ಕಂಪನಿಯ ಆಯಸ್ಸಿನೊಂದಿಗೆ ಮುಗಿದುಹೋಗಬಹುದಿತ್ತು. ಕೊಟ್ಟುಬಿಟ್ಟದ್ದರಿಂದ ಅದು ಉಳಿಯಿತು, ಗಡಿ ದಾಟಿ ಮರಾಠಿಗೂ ಒದಗಿತು. ನಮ್ಮ ಸಂಘಗಳ ಹಳೆಯ ಸಂಚಿಕೆಗಳನ್ನು ಯುನಿಕೋಡಿಗೆ ತಂದು ಎಲ್ಲರ ಓದಿಗೆ ಬಿಟ್ಟುಕೊಡಲು ಮುಂದಿನ ವಾರ್ಷಿಕೋತ್ಸವದವರೆಗೆ ಕಾಯಬೇಕಿಲ್ಲ. ಒಬ್ಬೊಬ್ಬರು ಒಂದೊಂದು ಸಂಚಿಕೆಯನ್ನು ಕೈಗೆತ್ತಿಕೊಂಡರೆ ಸಾಕು.