ಹಾಡಿನ ಲೆಕ್ಕ ಇಟ್ಟವರು ಯಾರು?



ಮೊನ್ನೆ ಗಾಯನ ಅಭ್ಯಾಸ ಮುಗಿದ ಮೇಲೆ ನಮ್ಮಲ್ಲೊಂದು ವಾದ ಎದ್ದಿತು. ಯಾವ ಹಾಡು ದೊಡ್ಡ ಹಿಟ್? ಎಲ್ಲರೂ ಮೊಬೈಲ್ ತೆಗೆದು ವ್ಯೂಸ್ ನೋಡತೊಡಗಿದರು. ಅಲ್ಲಿದ್ದ ಹಿರಿಯರೊಬ್ಬರು, "ನಮ್ಮ ಕಾಲದಲ್ಲಿ ರೇಡಿಯೋ ಹೇಳಿದ್ದೇ ಹಿಟ್" ಎಂದು ನಕ್ಕರು. ಆ ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ.

1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಿತು. ಕೇಳುಗರು ರೇಡಿಯೋ ಸಿಲೋನಿನತ್ತ ತಿರುಗಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ರೆಕಾರ್ಡ್ ಮಾರಾಟ ಮತ್ತು ಕೇಳುಗರ ಬೇಡಿಕೆ ನೋಡಿ ಹಿಂದಿ ಹಾಡುಗಳಿಗೆ ಸ್ಥಾನ ಕೊಡುವ ಕ್ರಮ ಅದರಲ್ಲಿ ಬೆಳೆಯಿತು. ಇಂಗ್ಲೆಂಡಿನಲ್ಲಿ ಮೊದಲ ಪಟ್ಟಿ ಅಚ್ಚಾದದ್ದೂ ಅದೇ ವರ್ಷದ ನವೆಂಬರ್ 14ರಂದು. ಪತ್ರಿಕೆಯವರು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಲೆಕ್ಕ ತೆಗೆದಿದ್ದರು. ರೆಕಾರ್ಡ್ ಕೊಳ್ಳಲಾಗದೆ ಬರೀ ಕೇಳಿ ಹಾಡಿದವರು ಆ ಲೆಕ್ಕದಲ್ಲಿ ಇರಲಿಲ್ಲ.

ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಕನ್ನಡ ಹಾಡು ಮಾತ್ರ ಗಡಿ ದಾಟಿ ಬರುತ್ತಲೇ ಇತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಯಿತು. ಆಮೇಲೆ ಬಂದದ್ದು ಕ್ಯಾಸೆಟ್ ಕಾಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. 1987ರಲ್ಲಿ ಹಂಸಲೇಖರ 'ಪ್ರೇಮಲೋಕ' ಬಂತು. ಒಬ್ಬರು ಕೊಂಡ ಕ್ಯಾಸೆಟ್‌ನಿಂದ ಇನ್ನೊಬ್ಬರು ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಳ್ಳುತ್ತಿದ್ದರು. ಮಾರಾಟದ ಲೆಕ್ಕ ಆಗಲೇ ತಪ್ಪತೊಡಗಿತ್ತು.

2003ರ ಏಪ್ರಿಲ್ 28ರಂದು ಆ್ಯಪಲ್ ಕಂಪನಿ ಅಮೆರಿಕದಲ್ಲಿ ಐಟ್ಯೂನ್ಸ್ ಅಂಗಡಿ ತೆರೆಯಿತು. ಒಂದು ಹಾಡಿಗೆ 99 ಸೆಂಟ್. 2005ರಲ್ಲಿ ಇಂಗ್ಲೆಂಡಿನ ಪಟ್ಟಿಗೆ ಡೌನ್‌ಲೋಡ್‌ಗಳೂ ಸೇರಿದವು. ಮರುವರ್ಷ ನಾರ್ಲ್ಸ್ ಬಾರ್ಕ್ಲಿಯ 'ಕ್ರೇಜಿ' ಬರೀ ಡೌನ್‌ಲೋಡ್ ಬಲದಿಂದಲೇ ಅಲ್ಲಿ ಒಂದನೇ ಸ್ಥಾನಕ್ಕೇರಿತು.

ಭಾರತಕ್ಕೆ ಆ ಅಂಗಡಿ ಬಂದದ್ದು 2012ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನಮ್ಮವರ ಕೈಯಲ್ಲಿ ಮೆಮೊರಿ ಕಾರ್ಡ್ ಇತ್ತು. 2006ರ ಕೊನೆಗೆ ಬಂದ 'ಮುಂಗಾರು ಮಳೆ'ಯ ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತ್‌ನಲ್ಲೇ ಓಡಾಡಿದವು. ಹೈಸ್ಕೂಲಿನಲ್ಲಿದ್ದಾಗ ನಾನೂ ಮೊಬೈಲ್ ಅಂಗಡಿಯಲ್ಲಿ 20 ರೂಪಾಯಿ ಕೊಟ್ಟು ಕಾರ್ಡ್ ತುಂಬ ಹಾಡು ಹಾಕಿಸಿಕೊಂಡಿದ್ದೇನೆ. ಆ ದುಡ್ಡಲ್ಲಿ ಒಂದು ಪೈಸೆಯೂ ಹಾಡು ಬರೆದ ಜಯಂತ ಕಾಯ್ಕಿಣಿಯಂಥವರಿಗೆ, ರಾಗ ಹಾಕಿದ ಮನೋಮೂರ್ತಿಯಂಥವರಿಗೆ ಹೋಗಲಿಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಕಾಲರ್ ಟ್ಯೂನ್ ಹಾಕಿಸಿದರೆ ಮಾತ್ರ ಬ್ಯಾಲೆನ್ಸ್ ಕಟ್ ಆಗುತ್ತಿತ್ತು! ಸಾಹಿತಿ ಮತ್ತು ಸಂಗೀತಗಾರರ ರಾಯಲ್ಟಿ ಹಕ್ಕನ್ನು ಬಲಪಡಿಸಿದ ಕಾಪಿರೈಟ್ ತಿದ್ದುಪಡಿ ಬಂದದ್ದು 2012ರಲ್ಲಿ.

ಅಳೆಯುವ ಉಪಕರಣಕ್ಕೆ ಸಿಕ್ಕಿದ್ದಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದು ಬಿಎಸ್ಸಿ ಲ್ಯಾಬಿನಲ್ಲಿ ಕಲಿತಿದ್ದೆ. ಹಾಡಿನ ವಿಷಯದಲ್ಲೂ ಅಷ್ಟೇ. ಅಂದು ರೆಕಾರ್ಡ್ ಎಣಿಸಿದರು, ಆಮೇಲೆ ಡೌನ್‌ಲೋಡ್, ಈಗ ವ್ಯೂಸ್. ದೇಲಂಪಾಡಿಯ ಮನೆಗಳಲ್ಲಿ ಅಡುಗೆ ಮಾಡುತ್ತಾ, ರಬ್ಬರ್ ಟ್ಯಾಪಿಂಗ್ ಮಾಡುತ್ತಾ ಗುನುಗಿದ ಹಾಡುಗಳನ್ನು ಯಾವ ಪಟ್ಟಿಯೂ ಎಣಿಸಿಲ್ಲ.

ಆದ್ದರಿಂದ ಒಂದು ಕೋರಿಕೆ. ಮುಂದಿನ ಅಭ್ಯಾಸಕ್ಕೆ ಬರುವಾಗ ನಿಮ್ಮ ಇಷ್ಟದ ಹಾಡನ್ನು ಬರೆದವರು ಯಾರು, ರಾಗ ಹಾಕಿದವರು ಯಾರು ಎಂದು ತಿಳಿದುಕೊಂಡು ಬನ್ನಿ. ಮನೆಯ ಅಜ್ಜ ಅಜ್ಜಿಯರಿಗೆ ಬಾಯಿಪಾಠ ಇರುವ ಒಂದು ಹಾಡನ್ನೂ ಕೇಳಿ ಬರೆದು ತನ್ನಿ. ಆ ಪಟ್ಟಿಯನ್ನು ನಾವೇ ಮಾಡೋಣ.